ಗುಂಡಿ ಬರುವಾಗಲೇ ಇರಲಿಲ್ಲ

ಅಖಂಡ ತಾಳಮಂಡಲಾಧೀಶ್ವರಿ, ಸಕಲ ಸ್ಪೀಕರ್ ಕಂಪನಕಾರಿಣಿ, ಅಕ್ಕಪಕ್ಕದ ಮೂರು ಮನೆಗಳ ಮಧ್ಯಾಹ್ನದ ನಿದ್ರಾಭಂಗ ವಿಶಾರದೆ, ಕಿವಿ ಆಸ್ಪತ್ರೆಯ ಶ್ರವಣಪರೀಕ್ಷಾ ಸಾಮ್ರಾಜ್ಞಿ, ತನ್ನ ಹೆಡ್‌ಫೋನನ್ನು ಒಡಹುಟ್ಟಿದ ತಮ್ಮನಿಗೂ ಮುಟ್ಟಗೊಡದ ದಾನಶೂರೆ, ನನ್ನ ಏಕಮಾತ್ರ ಅಕ್ಕನ ದಿವ್ಯ ಸನ್ನಿಧಾನಕ್ಕೆ,

ನಮ್ಮ ಲಾಂಡ್ರಿಯ ಇಸ್ತ್ರಿ ಮೇಜಿನ ತಣ್ಣಗಿನ ತುದಿಯಿಂದ, ತಮ್ಮ ಆಲ್ಬಂ ಲೋಕಾರ್ಪಣೆಗೊಂಡ ಹನ್ನೊಂದನೆಯ ದಿನವಾದ ಮಂಗಳವಾರ, ಊಟದ ಬಿಡುವಿನಲ್ಲಿ, ಕಿರಿಯ ಸೇವಕನು ತಲೆಬಾಗಿ ಮಾಡಿಕೊಳ್ಳುವ ಬಿನ್ನಹ.

ಇಲ್ಲಿ ಎಲ್ಲರೂ ಕ್ಷೇಮ. ಹಸುಗೂಸುಗಳ ಕಿವಿ ಪರೀಕ್ಷಿಸುವ ಹೊಸ ಯಂತ್ರದ ತರಬೇತಿ ಅಲ್ಲಿ ಚೆನ್ನಾಗಿ ನಡೆಯುತ್ತಿದೆ ಎಂದು ನಂಬಿದ್ದೇನೆ. ಬಸ್ಸು ಹತ್ತುವಾಗ ನೀನು ಕೊಟ್ಟ ಆಜ್ಞೆ ನನಗೆ ಅಕ್ಷರಶಃ ನೆನಪಿದೆ. ಮೂರು ವಾರ ನಾನು ಅಂತರ್ಜಾಲದ ಅಭಿಮಾನಿ ಬಳಗದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಜನ ಏನಂದರು ಅಂತ ನೀನೇ ಕಾಗದದಲ್ಲಿ ಬರೆ, ಫೋನಿನಲ್ಲಿ ಬೇಡ, ಫೋನಿನಲ್ಲಿ ನೀನು ಸರಾಗವಾಗಿ ಸುಳ್ಳು ಹೇಳುತ್ತೀಯ, ಕೈಯಲ್ಲಿ ಬರೆಯುವಾಗ ಸುಳ್ಳು ಕಟ್ಟುವಷ್ಟು ತಾಳ್ಮೆ ನಿನಗಿಲ್ಲ ಅಂದಿದ್ದೆ. ನನ್ನ ಸೋಮಾರಿತನದ ಮೇಲೆ ಇಷ್ಟು ಭರವಸೆ ಇಟ್ಟವರು ಇನ್ನೊಬ್ಬರಿಲ್ಲ. ಕಣ್ಣಲ್ಲಿ ನೀರು ಬಂತು.

ಇನ್ನೊಂದು ಮಾತನ್ನೂ ಮರೆತಿಲ್ಲ. ಆಸ್ಪತ್ರೆಯವರು ಕೊಟ್ಟಿರುವ ಒಪ್ಪಿಗೆಯ ಕಾಗದ ನಿನ್ನ ಚೀಲದಲ್ಲೇ ಇದೆ. ಹೊಸ ಶಾಖೆಯ ಮುಖ್ಯಸ್ಥೆ, ಕಾಯಂ ಕೆಲಸ, ರಾತ್ರಿ ಎಂಟರವರೆಗೆ, ಭಾನುವಾರವೂ ಸೇರಿ. ತಿಂಗಳ ಕೊನೆಯೊಳಗೆ ಸಹಿ ಹಾಕಿ ಕೊಡಬೇಕು. ಹಾಕಿದರೆ ಹಿಂದಿನ ಕೋಣೆಯ ನಿನ್ನ ಸಂಗೀತದ ಯಂತ್ರಗಳಿಗೆ ಹೊದಿಕೆ ಹೊದಿಸಿ ಮಲಗಿಸಬೇಕಾದೀತು. ಉಳಿದವರು ಏನಾದರೂ ಅನ್ನಲಿ, ಬಳಗದಲ್ಲಿ ‘ನಿಷ್ಠುರ’ ಎಂಬ ಹೆಸರಿನಲ್ಲಿ ಬರೆಯುವ ಆ ವಿಮರ್ಶಕ ಏನಂತಾನೆ ಅದನ್ನು ಮಾತ್ರ ಸರಿಯಾಗಿ ಬರೆ, ಈ ಸಲವೂ ಅವನು ಅದೇ ಮಾತು ಹೇಳಿದರೆ ಸಹಿ ಹಾಕಿಬಿಡುತ್ತೇನೆ ಅಂದೆಯಲ್ಲ, ಅದೂ ನೆನಪಿದೆ. ಅಲ್ಲಿಗೆ ಬರುತ್ತೇನೆ. ದರ್ಬಾರಿನಲ್ಲಿ ಎಲ್ಲದಕ್ಕೂ ಒಂದು ಕ್ರಮವಿರುತ್ತದೆ.

ಮೊದಲು ಪ್ರಜೆಗಳ ಸಂಖ್ಯೆ. ಹೊಸ ಆಲ್ಬಂ ‘ಅರ್ಧ ತೋಳು’ ಹೊರಬರುವ ಹಿಂದಿನ ದಿನ ನಿನ್ನ ಅಭಿಮಾನಿ ಬಳಗದಲ್ಲಿದ್ದವರು ಅರವತ್ತೊಂದು ಜನ, ಅದರಲ್ಲಿ ಒಂಬತ್ತು ಮಂದಿ ನಮ್ಮ ನೆಂಟರು. ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನಾಲ್ಕು ಸಾವಿರ ದಾಟಿತ್ತು. ಇಷ್ಟು ನೆಂಟರು ನಮಗಿಲ್ಲ.

ಜಿಮ್ಮಿನ ಕೋಚ್ ಒಬ್ಬರು ಎರಡನೆಯ ಹಾಡನ್ನು ತಮ್ಮ ಒಂಬತ್ತು ಗಂಟೆಯ ತಂಡಕ್ಕೆ ಹಾಕಿದರಂತೆ. ತಂಡದ ಹೆಂಗಸರು ಆರಾಮಾಗಿ ಕುಣಿದರು, ಕೋಚ್ ಸೊಂಟ ಹಿಡಿದುಕೊಂಡು ಕೂತರು. ಈಗ ಮನೆಯಲ್ಲಿ ಅಂಗಾತ ಮಲಗಿ ದಿನಕ್ಕೆರಡು ಸಲ ಬಳಗದಲ್ಲಿ ನಿನ್ನನ್ನು ಹೊಗಳುತ್ತಾರೆ. ಇಷ್ಟು ನೋವು ಕೊಟ್ಟ ಸಂಗೀತ ಇನ್ನೊಂದಿಲ್ಲ ಎಂಬುದು ಅವರ ಅಭಿಪ್ರಾಯದ ಸಾರಾಂಶ.

ಡ್ರೈವಿಂಗ್ ಸ್ಕೂಲಿನ ಮೇಡಂ ಮೂರನೆಯ ಹಾಡನ್ನು ಕಾರಿನಲ್ಲಿ ಹಾಕಿದ್ದರು. ಸದ್ದೆಲ್ಲ ಏರುತ್ತಾ ಏರುತ್ತಾ ಹೋಗಿ, ಒಮ್ಮೆ ಸ್ತಬ್ಧವಾಗಿ, ಆಮೇಲೆ ತಾಳ ಧೊಪ್ಪನೆ ಬೀಳುತ್ತದಲ್ಲ, ನಿನ್ನ ಭಾಷೆಯ ಡ್ರಾಪ್, ಸರಿಯಾಗಿ ಅಲ್ಲಿ ಕಲಿಯಲು ಬಂದಿದ್ದ ನಿವೃತ್ತ ಪೋಸ್ಟ್‌ಮಾಸ್ತರರು ಕ್ಲಚ್ ಬಿಟ್ಟಿದ್ದಾರೆ. ಕಾರು ಕಸದ ಡಬ್ಬಿಯನ್ನು ಸೇರಿತು. ಮೇಡಂ ಐದಕ್ಕೆ ಐದು ನಕ್ಷತ್ರ ಕೊಟ್ಟು, ಡಬ್ಬಿಯೇ ತಪ್ಪು ಜಾಗದಲ್ಲಿತ್ತು ಎಂದು ಬರೆದಿದ್ದಾರೆ. ಪೋಸ್ಟ್‌ಮಾಸ್ತರರೂ ಬಳಗ ಸೇರಿದ್ದಾರೆ.

ಇನ್ನು ಆದಿಭಕ್ತ. ನಿನ್ನ ಮೊದಲ ಆಲ್ಬಂನಿಂದಲೂ ಇರುವ, ಹಾಗೆಂದು ಪ್ರತಿ ವಾಕ್ಯದಲ್ಲೂ ನೆನಪಿಸುವ ಅದೇ ಮನುಷ್ಯ. ಆತ ಶೋಕದಲ್ಲಿದ್ದಾನೆ. ಯಾರೂ ಕೇಳದೇ ಇದ್ದಾಗ ಈ ಸಂಗೀತ ಎಷ್ಟು ಪವಿತ್ರವಾಗಿತ್ತು, ಈಗ ಜಿಮ್ಮಿನವರೆಲ್ಲ ಕೇಳುತ್ತಿದ್ದಾರೆ ಎಂದು ದಿನಾ ಬೆಳಿಗ್ಗೆ ಬಳಗ ಬಿಟ್ಟು ಹೋಗುತ್ತಾನೆ. ತಾನು ಬಿಟ್ಟು ಹೋದದ್ದನ್ನು ಯಾರಾದರೂ ಗಮನಿಸಿದರೇ ಎಂದು ನೋಡಲು ಸಂಜೆ ವಾಪಸು ಸೇರುತ್ತಾನೆ. ಸೇರಿಸಿಕೊಳ್ಳುವ ಅಧಿಕಾರಿ ನಾನೇ ಆದ್ದರಿಂದ ಪ್ರತಿ ಸಂಜೆ ಐದು ನಿಮಿಷ ಕಾಯಿಸುತ್ತೇನೆ.

ಐದನೆಯ ಹಾಡು ‘ಕಾಲರ್’ ಬಗ್ಗೆ ಜನ ಏನಂದರು ಅಂತ ಕೇಳುತ್ತೀಯ. ಆರನೆಯದು ಚೆನ್ನಾಗಿದೆ ಅಂದರು. ಏಳು, ಎಂಟೂ ಪರವಾಗಿಲ್ಲ.

ಅಕ್ಕಾ, ಐದನೆಯದು ಬಹಳ ಓಡುತ್ತಿದೆ. ಉಳಿದ ಏಳನ್ನೂ ಸೇರಿಸಿದರೂ ಅದರ ಅರ್ಧಕ್ಕೆ ಬರುವುದಿಲ್ಲ. ಆದರೆ ಅದರಲ್ಲಿ ನೀನು ಹಾಕದೇ ಇರುವ ಒಂದೆರಡು ವಸ್ತುಗಳು ಸೇರಿಕೊಂಡಿವೆ. ಮುಂದೆ ಓದುವ ಮೊದಲು ಒಂದು ಲೋಟ ನೀರು ಕುಡಿ. ಕೈಗೆ ಸಿಗುವಂತೆ ಭಾರವಾದ ವಸ್ತು ಯಾವುದೂ ಇಲ್ಲವಷ್ಟೆ?

ಹಾಡುಗಳನ್ನು ಜಾಲಕ್ಕೆ ಏರಿಸುವ ಮಹಾಕಾರ್ಯವನ್ನು ನನ್ನ ತಲೆಗೆ ಕಟ್ಟಿ ನೀನು ಹೊರಟೆ. ಒಂದೊಂದು ಹಾಡು ಕಟ್ಟಿ ಮುಗಿದಾಗಲೆಲ್ಲ ನೀನು ನಡೆಸುತ್ತಿದ್ದ ಇಸ್ತ್ರಿ ಪರೀಕ್ಷೆಗಳ ರೆಕಾರ್ಡಿಂಗುಗಳೂ ಅದೇ ಕಂಪ್ಯೂಟರಿನಲ್ಲಿದ್ದವು. ಹೊಸ ಹಾಡನ್ನು ಅಂಗಡಿಯ ಸ್ಪೀಕರಿನಲ್ಲಿ ಹಾಕಿ, ಹ್ಯಾಂಗರಿಗೆ ರೆಕಾರ್ಡರ್ ನೇತುಹಾಕಿ, ಇಸ್ತ್ರಿ ಮಾಮನ ಕೈಯನ್ನೇ ನೋಡುತ್ತಾ ಕೂರುತ್ತಿದ್ದೆಯಲ್ಲ. ಇಸ್ತ್ರಿ ಪೆಟ್ಟಿಗೆ ತಾನಾಗಿ ತಾಳಕ್ಕೆ ಬಿದ್ದರೆ ಹಾಡು ಪಾಸು, ಮಾಮ ಕೈ ನಿಲ್ಲಿಸಿ ಏನಮ್ಮಾ ಇದು ಅಂತ ಕೇಳಿದರೆ ಫೇಲು. ‘ಕಾಲರ್’ ಹಾಕಿದ ದಿನ ಮಾಮ ಒಂದೇ ಪ್ಯಾಂಟನ್ನು ಮೂರು ಸಲ ಇಸ್ತ್ರಿ ಮಾಡಿದ್ದು ನಿನಗೆ ಮರೆತಿರಲಾರದು. ಆ ದಿನದ ರೆಕಾರ್ಡಿಂಗನ್ನೇ, ಅಕ್ಕಾ, ನಾನು ಪ್ಯಾಂಟುಗಳಿಗೆ ಗುರುತಿನ ಚೀಟಿ ಚುಚ್ಚುತ್ತಾ, ಒಂದು ಕೈಯಲ್ಲಿ, ಶುದ್ಧ ಹಾಡಿನ ಬದಲು ಏರಿಸಿಬಿಟ್ಟೆ. ನನಗೆ ಗೊತ್ತಾದದ್ದು ಮೂರನೆಯ ದಿನ. ಅಷ್ಟು ಹೊತ್ತಿಗೆ ಕೈ ಮೀರಿತ್ತು.

ಹಾಗಾಗಿ ಲೋಕದ ಜನ ಈಗ ಕೇಳುತ್ತಿರುವುದು ನಿನ್ನ ತಾಳ, ಅದರ ಜೊತೆ ಮಾಮನ ಪೆಟ್ಟಿಗೆಯ ಧಡ್ ಧಡ್, ಉಗಿಯ ಬುಸ್, ಮತ್ತು ಅಮ್ಮ. ಮೊದಲು ಅಮ್ಮ ಫೋನಿನಲ್ಲಿ ಯಾರಿಗೋ ಬ್ಯಾಂಕಿನ ಎದುರು, ನೀಲಿ ಬಾಗಿಲು ಎಂದು ದಾರಿ ಹೇಳುತ್ತಾಳೆ. ಆಮೇಲೆ ಒಬ್ಬ ಗಿರಾಕಿ ತನ್ನ ಅಂಗಿಯ ಗುಂಡಿಯನ್ನು ನಾವು ಕಳೆದೆವೆಂದು ತಕರಾರು ತೆಗೆಯುತ್ತಾನೆ. ನಿನ್ನ ಸದ್ದು ಏರುತ್ತದೆ, ಏರುತ್ತದೆ, ನಿಲ್ಲುತ್ತದೆ. ಆ ನಿಶ್ಶಬ್ದದಲ್ಲಿ ಅಮ್ಮನ ಧ್ವನಿ ಒಂದೇ:

“ಬರೋವಾಗ್ಲೇ ಇರ್ಲಿಲ್ಲ ರೀ ಅದು.”

ಆಮೇಲೆ ತಾಳ ಬೀಳುತ್ತದೆ.

ಜನಕ್ಕೆ ಹುಚ್ಚು ಹಿಡಿದಿದೆ. ಲೆಕ್ಕದ ಮೇಷ್ಟ್ರೊಬ್ಬರು ಈ ಒಂದು ಸಾಲಿಗೆ ಹದಿನಾಲ್ಕು ಪುಟದ ವ್ಯಾಖ್ಯಾನ ಬರೆದಿದ್ದಾರೆ. ನಾವು ಕಳೆದುಕೊಂಡೆವೆಂದು ಅಳುವ ಯಾವುದೂ ಮೊದಲಿಗೆ ನಮ್ಮದಾಗಿರಲೇ ಇಲ್ಲ ಎಂಬ ಪರಮಸತ್ಯವನ್ನು ಇದು ಸಾರುತ್ತದಂತೆ. ಅದನ್ನು ಓದಿ ಹೆಂಡತಿ ಬಿಟ್ಟುಹೋದ ಒಬ್ಬರು ನೆಮ್ಮದಿಯಾಗಿ ಊಟ ಮಾಡಿದರಂತೆ. ಬಳಗದಲ್ಲಿ ಎರಡು ಪಕ್ಷಗಳಾಗಿವೆ. ಇದು ನುರಿತ ಹಿರಿಯ ರಂಗನಟಿಯ ಧ್ವನಿ ಎಂದು ಒಂದು ಪಕ್ಷ. ಅಲ್ಲ, ಕಂಪ್ಯೂಟರಿನಲ್ಲಿ ತಯಾರಿಸಿದ್ದು, ಏಕೆಂದರೆ ಯಾವ ಮನುಷ್ಯರ ಗಂಟಲಿನಿಂದಲೂ ಇಷ್ಟು ತಾತ್ಸಾರ ಒಮ್ಮೆಲೇ ಹೊರಡಲು ಸಾಧ್ಯವಿಲ್ಲ ಎಂದು ಇನ್ನೊಂದು ಪಕ್ಷ. ಅಮ್ಮನ ಕೈಲಿ ಬೆಳೆದ ನಾನು ತುಟಿ ಕಚ್ಚಿಕೊಂಡು ಕೂತಿದ್ದೇನೆ.

ಶನಿವಾರ ಅವರು ಅಂಗಡಿಗೇ ಬಂದರು. ದಾರಿಯನ್ನು ಅಮ್ಮನೇ ಹಾಡಿನಲ್ಲಿ ಹೇಳಿದ್ದಾಳಲ್ಲ, ಬ್ಯಾಂಕಿನ ಎದುರು, ನೀಲಿ ಬಾಗಿಲು. ಆರೇಳು ಜನ, ಕೈಯಲ್ಲಿ ಒಂದೊಂದು ಅಂಗಿ, ಪ್ರತಿ ಅಂಗಿಯಲ್ಲೂ ಒಂದೊಂದು ಗುಂಡಿ ನಾಪತ್ತೆ. ಮೊದಲು ನೀಲಿ ಕೂದಲಿನ ಹುಡುಗಿ ಅಂಗಿ ಮುಂದಿಟ್ಟಳು. ಅಮ್ಮ ಏನೂ ಮಾತಾಡದೆ ಗುಂಡಿ ಡಬ್ಬಿ ತೆಗೆದು, ಹೊಂದುವುದೊಂದನ್ನು ಹುಡುಕಿ, ಹೊಲಿದು, ದಾರ ಕಡಿದು ಕೊಟ್ಟಳು. ಹುಡುಗಿ ಕದಲಲಿಲ್ಲ. ಇನ್ನೇನು ಅಂತ ಅಮ್ಮ ಕೇಳಿದರೆ, ಆಂಟಿ ಏನಾದರೂ ಹೇಳುತ್ತೀರೇನೋ ಅಂದುಕೊಂಡೆ ಅಂದಳು. ಇಸ್ತ್ರಿ ಆಗಬೇಕಾದರೆ ಗುರುವಾರ ಬನ್ನಿ ಅಂತ ಅಮ್ಮ ಹೇಳಿದಳು. ಹಿಂದಿದ್ದವರು ಅದನ್ನೂ ಭಕ್ತಿಯಿಂದ ರೆಕಾರ್ಡ್ ಮಾಡಿಕೊಂಡರು.

ಹೀಗೆ ಐದು ಅಂಗಿಗೆ ಗುಂಡಿ ಬಿದ್ದವು. ಆರನೆಯವನು ಚುರುಕಿನವನು. ಅಂಗಿಯನ್ನು ಮೇಜಿನ ಮೇಲೆ ಹರಡಿ, “ಇಲ್ಲಿ ಕೊಟ್ಟಾಗ ಗುಂಡಿ ಇತ್ತು ಆಂಟಿ. ನೀವೇ ಕಳೆದಿರೋದು,” ಅಂದ.

ಮಾಮನ ಪೆಟ್ಟಿಗೆ ಗಾಳಿಯಲ್ಲೇ ನಿಂತಿತು. ಅಮ್ಮ ಕನ್ನಡಕ ತೆಗೆದಳು. ಕನ್ನಡಕ ತೆಗೆದರೆ ಏನರ್ಥ ಅಂತ ನಿನಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ.

“ಬರೋವಾಗ್ಲೇ ಇರ್ಲಿಲ್ಲ ರೀ ಅದು. ಎಲ್ಲಿ, ಚೀಟಿ ತೋರ್ಸಿ.”

ಇಡೀ ಅಂಗಡಿ ಹೋ ಎಂದಿತು. ಯಾರೋ ಫೋನಿನಿಂದ ಹಾಡು ಹಾಕಿದರು. ಎರಡು ವರ್ಷದ ಪರೀಕ್ಷೆಗಳಲ್ಲಿ ಪಳಗಿದ ಮಾಮನ ಕೈ ತಾಳ ಕೇಳಿದ್ದೇ ಧಡ್ ಧಡ್ ಎಂದು ಶುರುವಿಟ್ಟುಕೊಂಡಿತು, ಅದರ ಕೆಳಗೆ ಬಟ್ಟೆಯೇ ಇರಲಿಲ್ಲ. ಬ್ಯಾಂಕಿನ ಕಾವಲುಗಾರ ರಸ್ತೆ ದಾಟಿ ಓಡಿಬಂದ, ವಿಷಯ ತಿಳಿದು ತಾನೂ ಸ್ವಲ್ಪ ಕುಣಿದು ಹೋದ.

ಎಲ್ಲ ಹೋದಮೇಲೆ ಅಮ್ಮ ನನ್ನ ಕಡೆ ತಿರುಗಿದಳು. ಕನ್ನಡಕ ಇನ್ನೂ ಕೈಯಲ್ಲೇ ಇತ್ತು. ಎಲ್ಲವನ್ನೂ ಹೇಳಿದೆ. ಹಾಕು, ಕೇಳುತ್ತೇನೆ ಅಂದಳು. ನಿನ್ನ ಹೆಡ್‌ಫೋನ್ ತಂದು ಅವಳ ತಲೆಗೇರಿಸಿದೆ, ಆ ಅಪರಾಧವನ್ನೂ ಲೆಕ್ಕಕ್ಕೆ ಸೇರಿಸಿಕೋ. ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದು, ಗೋಡೆ ನೋಡುತ್ತಾ, ಆರು ನಿಮಿಷವೂ ಕೇಳಿದಳು. ಅಕ್ಕಾ, ನಿನ್ನ ಹಾಡನ್ನು ಅವಳು ಅಲ್ಲಾಡದೆ ಕೂತು ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಅದು ಅವಳಿಗೆ ಹಿಂದಿನ ಕೋಣೆಯ ಗೋಡೆಯಿಂದ ಬರುವ ಗುದ್ದು ಮಾತ್ರ.

ನನ್ನ ಧ್ವನಿ ಅಷ್ಟು ಜೋರಾ ಎಂದು ಮೊದಲು ಕೇಳಿದಳು. ಮಾಮ ಕಿಟಕಿಯಾಚೆ ನೋಡಿದರು, ನಾನು ನೆಲ ನೋಡಿದೆ. ಆಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

“ಇದು ಥೇಟ್ ನಮ್ಮ ಅಂಗಡಿ ಥರಾನೇ ಇದೆ ಕಣೋ. ಅವಳು ಆ ಕಾಗದಕ್ಕೆ ಸಹಿ ಹಾಕಿಬಿಟ್ಲಾ?”

ಇಲ್ಲ ಅಂದೆ. ಹಾಕುವುದಾದರೆ ನನ್ನನ್ನು ಕೇಳಿ ಹಾಕಲಿ ಅಂತ ಬರಿ ಅಂದಳು. ಕಾಯಂ ಕೆಲಸ, ಕಾಯಂ ಕೆಲಸ ಅಂತ ಆರು ತಿಂಗಳಿಂದ ನಿನ್ನ ಕಿವಿ ತಿಂದವಳು ಇವಳೇ. ಅಷ್ಟು ಹೇಳಿ ಕನ್ನಡಕ ಹಾಕಿಕೊಂಡು, ಆರನೆಯವನು ಬಿಟ್ಟು ಓಡಿದ ಅಂಗಿಗೂ ಗುಂಡಿ ಹೊಲಿದಿಟ್ಟಳು.

ಈಗ ಶ್ರೀಮಾನ್ ನಿಷ್ಠುರರ ವಿಷಯ. ನಿನ್ನ ಮೊದಲ ಆಲ್ಬಂಗೆ ಬಳಗದಲ್ಲಿ ಆತ ಬರೆದ ಒಂದೇ ಸಾಲನ್ನು ನೀನು ಚೀಟಿಯಲ್ಲಿ ಬರೆದು ಯಂತ್ರದ ಮೇಲಿನ ಗೋಡೆಗೆ ಅಂಟಿಸಿಕೊಂಡೆ. “ತಾಳವಿದೆ, ಒಳಗೆ ಯಾರೂ ವಾಸವಿಲ್ಲ.” ಅದನ್ನು ಅಂಟಿಸಿದ ಮಾರನೆಯ ದಿನವೇ ನೀನು ಸ್ಪೀಕರ್ ಹೊತ್ತು ಅಂಗಡಿಗೆ ಬಂದದ್ದು, ಇಸ್ತ್ರಿ ಪರೀಕ್ಷೆ ಹುಟ್ಟಿದ್ದು. ಎರಡು ವರ್ಷ ಆ ಚೀಟಿಯನ್ನು ದಿಟ್ಟಿಸಿಯೇ ನೀನು ಕೆಲಸ ಶುರುಮಾಡಿದ್ದನ್ನು ನಾನು ಬಾಗಿಲಿನಿಂದ ನೋಡಿದ್ದೇನೆ.

ಆದರೆ ಈ ಸಲ ಆ ಮಹಾಶಯರು ಇದುವರೆಗೆ ತುಟಿ ಪಿಟಕ್ಕೆಂದಿಲ್ಲ. ಬಳಗದವರೆಲ್ಲ ಕಾಯುತ್ತಿದ್ದಾರೆ. ಆದಿಭಕ್ತನಂತೂ ಮೂರು ಸಲ ಅವರ ಹೆಸರು ಹಿಡಿದು ಕರೆದ. ಆರೋಗ್ಯ ಸರಿಯಿಲ್ಲದಿರಬಹುದು, ಪ್ರಯಾಣದಲ್ಲಿರಬಹುದು, ವಿಮರ್ಶಕರಿಗೂ ಹಲ್ಲುನೋವು ಬರುತ್ತದೆ. ಒಟ್ಟಿನಲ್ಲಿ ಅವರ ಬಾಯಿಂದ ‘ಯಾರೂ ವಾಸವಿಲ್ಲ’ ಬಂದಿಲ್ಲ. ನೀನೇ ಹಾಕಿದ ಷರತ್ತಿನ ಪ್ರಕಾರ ಸಹಿ ಹಾಕಲು ನಿನಗೆ ಅಧಿಕಾರವಿಲ್ಲ.

ಶುದ್ಧವಾದ ‘ಕಾಲರ್’ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಬದಲಾಯಿಸು ಎಂದು ಒಂದು ಸಾಲು ಬರೆ, ಬದಲಾಯಿಸುತ್ತೇನೆ, ಈ ಸಲ ಎರಡೂ ಕೈಯಲ್ಲಿ. ಆದರೆ ಅದಕ್ಕೆ ಮೊದಲು ಈಗ ಓಡುತ್ತಿರುವುದನ್ನೊಮ್ಮೆ ಕೇಳು. ಮನುಷ್ಯರ ಕಿವಿ ಸರಿಯಿದೆಯೋ ಇಲ್ಲವೋ ಎಂದು ಹೇಳುವುದು ನಿನ್ನ ಉದ್ಯೋಗ. ನಾಲ್ಕು ಸಾವಿರ ಜನರ ಕಿವಿ ಒಟ್ಟಿಗೆ ಕೆಟ್ಟಿರಲಾರದು.

ಪ್ಯಾಂಟುಗಳು ಕಾಯುತ್ತಿವೆ. ಅಮ್ಮ ಕೂಗುತ್ತಿದ್ದಾಳೆ. ಇಲ್ಲಿಗೆ ಮುಗಿಸುತ್ತೇನೆ.

ಇಂತು,
ತಮ್ಮ ಸಾಮ್ರಾಜ್ಯದ ಚೀಟಿ ಚುಚ್ಚುವ ಇಲಾಖೆಯ ಮುಖ್ಯಸ್ಥ,
ತಮ್ಮ

ಮರೆತಿದ್ದೆ: ನಿಷ್ಠುರರು ಯಾಕೆ ಬಾಯಿ ಬಿಡುತ್ತಿಲ್ಲ ಎಂಬುದು ನನಗೆ ಗೊತ್ತಿದೆ. ಎರಡು ವರ್ಷದ ಹಿಂದೆ ನೀನು ಹೆಡ್‌ಫೋನ್ ಕೊಡಲಿಲ್ಲ ಎಂಬ ಸಿಟ್ಟಿಗೆ ಆ ಹೆಸರಿಟ್ಟುಕೊಂಡು, ಹತ್ತು ಸೆಕೆಂಡಿನಲ್ಲಿ, ಹಾಡು ಪೂರ್ತಿ ಕೇಳದೆ, ಆ ಸಾಲು ಬರೆದವನು ನಾನು. ನೀನು ಅದನ್ನು ಗೋಡೆಗೆ ಅಂಟಿಸುತ್ತೀಯ ಅಂತ ಯಾರಿಗೆ ಗೊತ್ತಿತ್ತು? ಆಮೇಲೆ ಹೇಳುವ ಧೈರ್ಯ ಬರಲಿಲ್ಲ. ಈ ಸಲ ಎಂಟೂ ಹಾಡು ಪೂರ್ತಿ ಕೇಳಿ, ಹನ್ನೊಂದು ದಿನವೂ ನಿಷ್ಠುರನಾಗಿ ಬರೆಯಲು ಕೂತೆ. ಒಂದೇ ಒಂದು ಕೆಟ್ಟ ಮಾತೂ ಹೊಳೆಯಲಿಲ್ಲ. ಗೋಡೆಯ ಆ ಚೀಟಿಯನ್ನು ಇವತ್ತು ಬೆಳಿಗ್ಗೆ ಕಿತ್ತುಹಾಕಿದ್ದೇನೆ. ಅದರ ಜೊತೆ ಅಂಗೈ ಅಗಲದ ಸುಣ್ಣವೂ ಎದ್ದು ಬಂತು. ನೀನು ಬಂದು ಕೇಳಿದರೆ ಉತ್ತರ ಈಗಲೇ ಸಿದ್ಧವಿದೆ: ಬರೋವಾಗ್ಲೇ ಇರ್ಲಿಲ್ಲ.