ಮೇಜಿನ ಕೆಳಗಿನ ಬೆಳಕು

ಪ್ರೀತಿಯ ಅಕ್ಕ,

ನೀನು ಕಳಿಸಿದ ಹೊಸ ಮನೆಯ ಫೋಟೋವನ್ನು ಅಮ್ಮ ಬೀದಿಗೆಲ್ಲ ತೋರಿಸಿ ಬಂದಳು. ನಾನೂ ನೋಡಿದೆ, ಚೆನ್ನಾಗಿದೆ. ಆದರೆ ಅದರ ಕೆಳಗೆ "ಇದು ನಿಜವಾದ ಫೋಟೋನೇ ಕಣೋ" ಎಂದು ಯಾಕೆ ಬರೆದೆ? ಯಾರು ಕೇಳಿದ್ದರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂದಿನಿಂದ ನನಗೆ ಸಮಾಧಾನವಿಲ್ಲ.

ಇನ್ನೂ ಕಟ್ಟಿರದ ಮನೆಗಳ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಿಸಿಲು, ನೆರಳು ಕೂಡಿಸುವ ಕೆಲಸವನ್ನು ನನಗೆ ಕಲಿಸಿದವಳೇ ನೀನು. ನಿನ್ನ ಮದುವೆಗೆ ಮೊದಲು ಒಂದೇ ಸ್ಟುಡಿಯೋದಲ್ಲಿ ಪಕ್ಕಪಕ್ಕ ಕೂತಿದ್ದೆವು. "ಬೆಳಕು ಬಿದ್ದಲ್ಲೇ ಬಿದ್ದಿರಲ್ಲ ಕಣೋ, ಪುಟಿದು ಪಕ್ಕದ ಗೋಡೆಗೂ ಬಣ್ಣ ಹಚ್ಚುತ್ತೆ" ಅನ್ನುತ್ತಿದ್ದೆ. ಅದಕ್ಕೇ ಫೋಟೋ ದೊಡ್ಡದು ಮಾಡಿ ಹುಳುಕು ಹುಡುಕಿದೆ. ಪರದೆಯ ಕೆಂಪು ಗೋಡೆಗೆ ತೆಳುವಾಗಿ ಹತ್ತಿದೆ. ಕುರ್ಚಿಯ ನೆರಳು ಕಾಲಿನ ಬಳಿ ಚೂಪು, ದೂರ ಹೋದಂತೆ ಮಸುಕು. ಎಲ್ಲ ಸರಿಯಾಗಿಯೇ ಇತ್ತು. ಒಡಹುಟ್ಟಿದವಳನ್ನೇ ಅನುಮಾನಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

ಆಮೇಲೆ ಮೇಜಿನ ಕೆಳಗೆ ನೋಡಿದೆ. ಕಿಟಕಿ ಆ ಕಡೆ, ದೀಪ ಎಲ್ಲೂ ಇಲ್ಲ, ಪುಟಿದ ಬೆಳಕೂ ಅಷ್ಟು ಒಳಗೆ ಬಾರದು, ಆದರೂ ಅಲ್ಲಿ ಕತ್ತಲಿಲ್ಲ. ಅದು ನಿನ್ನ ಹಳೇ ಚಾಳಿ. ಯಾವ ಕೋಣೆ ಮಾಡಿದರೂ ಕಣ್ಣಿಗೆ ಕಾಣದ ಒಂದು ಪುಟ್ಟ ದೀಪವನ್ನು ಮೂಲೆಯಲ್ಲಿ ಅಡಗಿಸಿಡುತ್ತಿದ್ದೆ. "ಈ ಬೆಳಕು ಎಲ್ಲಿಂದ ಬಂತಮ್ಮ?" ಎಂದು ಬಾಸ್ ಗದರಿದರೆ, "ಕತ್ತಲಲ್ಲಿ ಬಿಡೋಕೆ ಮನಸ್ಸು ಬರಲ್ಲ ಸಾರ್" ಅನ್ನುತ್ತಿದ್ದೆ. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಅಂಥ ಮನೆ ಎಲ್ಲೂ ಇಲ್ಲ ಅಕ್ಕ, ಅದು ನೀನೇ ಮಾಡಿದ ಚಿತ್ರ.

ಭಾವನಿಗೆ ಫೋನ್ ಮಾಡಿದೆ. "ಅವಳು ಇಲ್ಲಿಂದ ಹೋಗಿ ಎಷ್ಟೋ ತಿಂಗಳಾಯ್ತು, ಅವಳನ್ನೇ ಕೇಳಪ್ಪ" ಎಂದು ಇಟ್ಟುಬಿಟ್ಟರು. ನಿನಗೆ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆದು ನಿನ್ನ ಮೊಬೈಲಿಗೆ ಕಳಿಸುತ್ತಿದ್ದೇನೆ. ಏನಾಯಿತು? ನನಗೂ ಹೇಳಬಾರದಿತ್ತೇ? ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಭಾನುವಾರ ಆ ಮನೆ ನೋಡಲು ಹೊರಡಬೇಕೆಂದು ಅಮ್ಮ ಬಟ್ಟೆ ಜೋಡಿಸುತ್ತಿದ್ದಾಳೆ. ಅವಳ ಮುಂದೆ ನಾನು ಬಾಯಿ ಬಿಟ್ಟಿಲ್ಲ. ಅದಕ್ಕೆ ಮೊದಲೇ, ಶನಿವಾರ, ನಾನೊಬ್ಬನೇ ಬರುತ್ತೇನೆ. ನೀನಿರುವುದು ಶೀಟಿನ ಮನೆಯಾಗಲಿ, ಯಾರದೋ ಮಹಡಿಯ ಕೋಣೆಯಾಗಲಿ, ನೆಲದ ಮೇಲೆ ಚಾಪೆ ಹಾಸಿದರೆ ನನಗೆ ಸಾಕು. ಅಮ್ಮನಿಗೆ ಏನು ಹೇಳುವುದೆಂದು ಇಬ್ಬರೂ ಕೂತು ಯೋಚಿಸೋಣ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಕೈ ಬಿಡದಿರಲಿ. ಇನ್ನು ಫೋಟೋ ಬೇಡ, ನೀನಿರುವ ವಿಳಾಸ ಕಳಿಸು.

ಬ್ಯಾಗು ಹಿಡಿದು ಕಾಯುತ್ತಿರುವ,
ನಿನ್ನ ತಮ್ಮ