ಅರವತ್ತರಲ್ಲಿ ಬರುವ ಸದ್ದು

ಮಾರ್ಚ್ 2, ಭಾನುವಾರ

ಬೆಳಿಗ್ಗೆಯಿಂದ ಪಿಕಪ್ಪಿನ ಅಡಿಯಲ್ಲೇ. ಪೈಪು ಕತ್ತರಿಸಿದ್ದಾಯಿತು. ಸೈಲೆನ್ಸರಿಗಿಂತ ಮುಂಚೆ ಒಂದು ಸಣ್ಣ ಡಬ್ಬಿ ಇರುತ್ತದೆ — ಅದನ್ನು ತೆಗೆದು ನೇರ ಪೈಪು. ಭಾಮೈದ ವೆಲ್ಡ್ ಮಾಡಿದ. ಇಪ್ಪತ್ತು ವರ್ಷ ಗಾಡಿಯಲ್ಲಿ ಕಿಟಕಿ ಗಾಜನ್ನು ಒಡೆಯದಂತೆ ಉಸಿರು ಬಿಗಿಹಿಡಿದು ಸಾಗಿಸಿದವನಿಗೆ ಒಂದು ದಪ್ಪ ಸದ್ದು ಬೇಕೆನಿಸಿತ್ತು. ಬೇರೆ ಕಾರಣವಿಲ್ಲ. ಸ್ಟಾರ್ಟ್ ಮಾಡಿದಾಗ ಎದೆಯವರೆಗೂ ಬಂತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋದಳು.

ಮಾರ್ಚ್ 3, ಸೋಮವಾರ

ಅವಳ ಡಯಾಲಿಸಿಸ್. ವಾರಕ್ಕೆ ಮೂರು ಸಲ, ನಲವತ್ತು ನಿಮಿಷದ ಹೆದ್ದಾರಿ. ವೇಗ ಅರವತ್ತು ಮುಟ್ಟಿದೊಡನೆ ಕ್ಯಾಬಿನ್ನಿನಲ್ಲಿ ಒಂದು ಗುಂಯ್... ತಲೆಯೊಳಗೇ ಕೂತಂತೆ. ಐವತ್ತರಲ್ಲಿ ಇಲ್ಲ, ಎಂಬತ್ತರಲ್ಲೂ ಇಲ್ಲ. ಎಂಬತ್ತರ ಕುಲುಕಾಟ ಅವಳಿಗೆ ಆಗದು, ಐವತ್ತರಲ್ಲಿ ಹೊತ್ತಿಗೆ ಮುಟ್ಟುವುದಿಲ್ಲ, ಅರವತ್ತರಲ್ಲೇ ಹೋಗಬೇಕು.

ಭಾಮೈದನಿಗೆ ಫೋನ್ ಮಾಡಿದೆ. "ಭಾವ, ಹುಲಿ ಬೇಕು ಅಂದ್ರಿ. ಹೊಟ್ಟೆ ಕೆಟ್ಟ ಎಮ್ಮೆ ಬಂತಲ್ಲ" ಎಂದ. ಡಬ್ಬಿ ಇದ್ದದ್ದೇ ಈ ಗುಂಯ್ ತಡೆಯಲಿಕ್ಕಂತೆ. ಭಾನುವಾರ ಮತ್ತೆ ಕೂಡಿಸೋಣವಂತೆ.

ಮಾರ್ಚ್ 5, ಬುಧವಾರ, ಮಧ್ಯಾಹ್ನ 3

ಬರುವಾಗ ಅವಳು, ರಸ್ತೆ ನೋಡುತ್ತಲೇ: "ರೀ, ಇನ್ನು ಸಾಕು ಅನ್ಸುತ್ತೆ. ನಿಲ್ಲಿಸಿಬಿಡ್ತೀನಿ."

ಕಿವಿ ತೋರಿಸಿ ತಲೆಯಾಡಿಸಿದೆ, ಕೇಳಿಸಲಿಲ್ಲವೆಂದು.

ಕೇಳಿಸಿತ್ತು.

ಡಯಾಲಿಸಿಸ್ ಶುರುವಾಗಿ ನಾಲ್ಕು ವರ್ಷವಾಯಿತು. ನಿಲ್ಲಿಸಿದರೆ ಎರಡು ವಾರ, ಹೆಚ್ಚೆಂದರೆ ಮೂರು — ಇಬ್ಬರಿಗೂ ಗೊತ್ತು. ಮನೆಯಲ್ಲಿ ಮಗಳಿರುತ್ತಾಳೆ. ಅವಳೆದುರು ಇವಳು ಈ ಮಾತು ಎತ್ತುವುದಿಲ್ಲ. ಗಾಡಿಯೊಂದೇ ಜಾಗ.

ಮಾರ್ಚ್ 9, ಭಾನುವಾರ

ಭಾಮೈದ ಬಂದ. ಸೊಂಟ ನೋವು, ಮುಂದಿನ ವಾರ ನೋಡೋಣ ಎಂದೆ. "ಗಾಡಿ ಕೆಳಗೆ ಮಲಗೋನು ನಾನು, ಸೊಂಟ ನಿಮ್ಮದಾ?" ನಗುತ್ತಲೇ ಹೋದ. ಡಬ್ಬಿ ಶೆಡ್ಡಿನ ಹಲಗೆಯ ಮೇಲಿದೆ.

ಮಾರ್ಚ್ 24, ಸೋಮವಾರ

ಆ ಬುಧವಾರದಿಂದ ಎಂಟು ಸಲ ಹೋಗಿಬಂದೆವು. ಅವಳು ಗಂಟಲು ಸರಿಮಾಡಿಕೊಂಡರೆ ಸಾಕು, ನನ್ನ ಕಾಲು ಐವತ್ತೈದರಿಂದ ಅರವತ್ತಕ್ಕೆ ಒತ್ತುತ್ತದೆ. ಇಂದು ರೈಲ್ವೆ ಗೇಟಿನಲ್ಲಿ ಆರು ನಿಮಿಷ ನಿಂತೆವು. ಎಂಜಿನ್ ಆಫ್ ಮಾಡಲಿಲ್ಲ. ಆಕ್ಸಿಲರೇಟರಿನಿಂದ ಕಾಲೂ ತೆಗೆಯಲಿಲ್ಲ. ಪಕ್ಕದ ಸ್ಕೂಟರಿನವನು ಬೈದ. ಅವಳು ಕಿಟಕಿಯ ಗಾಜು ಏರಿಸಿದಳು.

ಮಾರ್ಚ್ 28, ಶುಕ್ರವಾರ

ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು. ಅವಳು ತಾನೇ ಅವರಿಗೆ ಹೇಳಿಬಿಟ್ಟಿದ್ದಾಳೆ. ಮನೆಯವರ ಹತ್ತಿರ ಮಾತಾಡಿದಿರಾ ಎಂದು ಕೇಳಿದರು.

"ಮಾತಾಡಿದೀನಿ ಡಾಕ್ಟ್ರೇ. ಇವರಿಗೆ ಇನ್ನೂ ಕೇಳಿಸಿಲ್ಲ."

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಮಾರ್ಚ್ 30, ಭಾನುವಾರ

ನಾನೇ ಭಾಮೈದನನ್ನು ಕರೆಸಿದೆ. ಅವನಿಗೂ ಅಕ್ಕ ಹೇಳಿದ್ದಾಳೆ, ಮುಖದಲ್ಲೇ ತಿಳಿಯಿತು. ತಮಾಷೆಯಿಲ್ಲ. ವೆಲ್ಡ್ ಮಾಡುವಷ್ಟು ಹೊತ್ತೂ ಡಬ್ಬಿಯನ್ನು ಹಿಡಿದುಕೊಂಡಿದ್ದೆ. ಸ್ಟಾರ್ಟ್ ಮಾಡಿದರೆ ಯಾರದೋ ಗಾಡಿ.

ಮಾರ್ಚ್ 31, ಸೋಮವಾರ, ಬೆಳಿಗ್ಗೆ 10, ಆಸ್ಪತ್ರೆಯ ಬೆಂಚು

ಅವಳು ಒಳಗಿದ್ದಾಳೆ. ಬರುವಾಗ ಅರವತ್ತು. ಟಯರಿನ ಸದ್ದು ಮಾತ್ರ. ನಾನೇ ಕೇಳಬೇಕಾಯಿತು.

"ಅವತ್ತು ಸಾಕು ಅಂದೆಯಲ್ಲ..."

"ಕೇಳಿಸಿತ್ತಾ?"

"ಅವತ್ತೇ ಕೇಳಿಸಿತ್ತು."

"ಗೊತ್ತು" ಎಂದಳು. ಗೊತ್ತಿದ್ದೂ ಇಷ್ಟು ದಿನ ಕಾದಿದ್ದಾಳೆ, ವಾರಕ್ಕೆ ಮೂರು ಸಲ ಸೂಜಿ. ಆಮೇಲೆ ಬೆರಳು ಮಡಚುತ್ತ, ನಿಲ್ಲಿಸುವ ಮುಂಚೆ ಆಗಬೇಕಾದ್ದನ್ನು ಒಂದೊಂದಾಗಿ ಹೇಳಿದಳು. ಮರೆಯುವ ಮುಂಚೆ ಬರೆದಿಡುತ್ತೇನೆ. ಮೊದಲನೆಯದು, ಮಗಳಿಗೆ ವಿಷಯ ಹೇಳಬೇಕಾದವನು ನಾನು. ಎರಡನೆಯದು —