ಮನೆ ಮುಂದಿನ ಬಸ್ಸು ಬಿಟ್ಟು

ಶಿರಾ
18-11-2024

ಗೆಳೆಯ ಅಂಜಿನಮೂರ್ತಿಗೆ ಜಹೀರ್ ಮಾಡುವ ಸಲಾಂ.

ನಿನ್ನ ಮಗಳು ಯಶೋದನ ಮದುವೆ ಮುಗಿಸ್ಕೊಂಡು ಬಂದ ಮಾರನೇ ದಿನವೇ ಬರೀಬೇಕಾಗಿತ್ತು. ಮಂಡಿಗೆ ಕಡ್ಲೆಕಾಯಿ ಬಂದು ಬಿದ್ದಿತ್ತು, ತಡ ಆಯ್ತು, ಬೈಬೇಡ ಕಣಪ್ಪ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನಲ್ಲಿ ನೀನು ನನ್ನ ಮಾತಾಡೋಕೆ ಬುಡ್ತೀಯೇನೋ?

ಛತ್ರದ ಬಾಗಿಲಲ್ಲೇ ನಿಂತು ನೆಂಟರ ಮುಂದೆಲ್ಲ ನನ್ನ ಮಾನ ಕಳೆದೆಯಲ್ಲ! "ನೋಡ್ರಪ್ಪ, ಹುಬ್ಬಳ್ಳಿ ಬಸ್ಸು ಇವನ ಮನೆ ಮುಂದೇನೇ ಬರ್ತದೆ. ಐದು ಗಂಟೆ ದಾರಿ. ಈ ದೊಡ್ಡ ಮನುಷ್ಯ ಉಲ್ಟಾ ಬೆಂಗಳೂರಿಗೆ ಹೋಗಿ ಪ್ಲೇನ್ ಹತ್ಕಂಡ್ ಬಂದವ್ನೆ!" ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಊಟ ಆಗಿ ಕೈ ತೊಳೆಯುವಾಗ ನೀನು, "ಉಮರ್ ಹೋದ್ಮೇಲೆ ಎರಡು ವರ್ಷ ಈ ಕಡೆ ತಲೆ ಹಾಕಲಿಲ್ಲ. ನಿನ್ನ ಮಗ ಹೋದ ಅಂದ್ರೆ ನಾನೂ ಸತ್ತೋದ್ನೇನ್ಲಾ?" ಅಂದೆ ನೋಡು, ಅದು ಚುಚ್ಚಿಬುಡ್ತು. ಅದಕ್ಕೂ ಉತ್ತರ ಬರೀತೀನಿ.

ಮೊದ್ಲು ಪ್ಲೇನಿನ ಸುದ್ದಿ ಕೇಳು. ಓಡಿಸಿದ್ದು ಒಬ್ಬ ಹೆಣ್ಣುಮಗಳು! ಬೆಂಗಳೂರಿಂದ ಹುಬ್ಬಳ್ಳಿ ನಾನೂರು ಕಿಲೋಮೀಟರಿಗೂ ಜಾಸ್ತಿ. ನಾವಿಬ್ಬರೂ ಲಾರೀಲಿ ಲೋಡ್ ಹಾಕ್ಕೊಂಡು ಒಂದು ಹಗಲೆಲ್ಲಾ ತೇಯ್ತಿದ್ದ ದಾರೀನ ಆಯಮ್ಮ ಒಂದೇ ಗಂಟೇಲಿ ಮುಗಿಸಿಬುಟ್ಲು. ನಮ್ಮನೆಯವಳು, ನಿನ್ನ ಭಾಬಿ ಗೌಹರ್, ಬಿಚ್ಚಿದ ಚಕ್ಕುಲಿ ಪೊಟ್ಟಣ ಖಾಲಿಯಾಗೋದ್ರೊಳಗೆ ಹುಬ್ಬಳ್ಳಿ ಬಂದಿತ್ತು. ಪ್ಲೇನ್ ಕೆಳಗೆ ಇಳಿಯೋವಾಗ ನನ್ನ ಬಲಗಾಲು ತಾನಾಗೇ ಇಲ್ಲದ ಬ್ರೇಕ್ ಒತ್ತಿತ್ತು. ನಿನ್ನ ಪಕ್ಕ ಕೂತು ಕಲಿತ ಚಾಳಿ. "ಕಾಲು ತಗೀರಿ, ಪ್ಲೇನಿಗೆ ತೂತು ಬೀಳ್ತದೆ" ಅಂತ ಗೌಹರ್ ನಕ್ಕಿದ್ದೇ ನಕ್ಕಿದ್ದು. ಅವಳು ಅಂಗೆ ನಕ್ಕಿದ್ದು ನೋಡಿ ಎಷ್ಟೋ ದಿನ ಆಗಿತ್ತು.

ಆದ್ರೂ ಚಕ್ರ ನೆಲಕ್ಕೆ ತಾಗಿದಾಗ ಧಡ್ ಅಂತು ಕಣೋ. ಲೋಡ್ ತುಂಬಿದ ಗಾಡೀನ ನೀನು ನಿಲ್ಲಿಸಿದ್ರೆ, ಮಲಗಿದ್ದ ನನಗೆ ಎಚ್ಚರವೇ ಆಗ್ತಿರಲಿಲ್ಲ. ಒಂದ್ಸಲ ಜಡಿಮಳೇಲಿ ವೈಪರ್ ಕೆಟ್ಟೋಗಿ, ಒಂದು ಕೈಲಿ ಗಾಜು ಒರೆಸ್ಕೊಂಡು, ಹಾಡು ಬೇರೆ ಹೇಳ್ಕೊಂಡು ಹಾವೇರಿವರೆಗೂ ಓಡಿಸಿದ್ದೆ. ನಿನ್ನಂಥ ಡ್ರೈವರ್‌ನ ನಾನಂತೂ ಕಾಣೆ. ಉಮರ್ ಕೈಗೆ ಸ್ಟೇರಿಂಗ್ ಕೊಟ್ಟು ಕಲಿಸಿದವನೂ ನೀನೇ. "ಮೂರ್ತಿ ಚಾಚಾ ಥರ ಓಡಿಸ್ಬೇಕು ಅಬ್ಬಾ" ಅಂತಿದ್ದ.

ಯಶೋದ, ನಿನ್ನ ಅಳಿಯ ಇಬ್ಬರೂ ನೂರ್ಕಾಲ ತಣ್ಣಗಿರಲಿ. ಅವರ ಮನೆ ತುಂಬ ಮಕ್ಕಳ ಗಲಾಟೆ ಇರಲಿ. ಇದು ನಮ್ಮಿಬ್ಬರ ದುವಾ.

ನಿನ್ನ
ಜಹೀರ್ ಅಹಮದ್

ಮತ್ತೆ: ಮರೆತಿದ್ದೆ ಅನ್ನಲ್ಲ. ಬರೆಯೋಕಾಗದೆ ಇಲ್ಲಿವರೆಗೂ ತಳ್ಕೊಂಡು ಬಂದೆ. ಆ ಬಸ್ಸು ಹಿರಿಯೂರು ದಾಟಿ, ಉಮರ್ ಲಾರಿ ಉರುಳಿದ ತಿರುವಲ್ಲೇ ಹೋಗಬೇಕಲ್ಲ ಮೂರ್ತಿ. ನಿನ್ನ ನೋಡೋಕೆ ಅಂತ ಎರಡು ಸಲ ಹತ್ತಿದ್ದೆ. ಎರಡು ಸಲವೂ ಹಿರಿಯೂರಲ್ಲೇ ಇಳಿದು ವಾಪಸ್ ಬಂದ್ಬುಟ್ಟೆ. ಪ್ಲೇನಲ್ಲಿ ಗೌಹರ್ ಕಿಟಕಿಗೆ ಮುಖ ಇಟ್ಟು, "ಆ ಜಾಗ ಯಾವುದ್ರೀ?" ಅಂದ್ಲು. ಬಗ್ಗಿ ನೋಡಿದೆ. ರೋಡು ದಾರದಂಗೆ ನೆಟ್ಟಗೆ ಬಿದ್ದಿತ್ತು. ತಿರುವೇ ಕಾಣಲಿಲ್ಲ ಕಣೋ.